ಕೂಡಿದ ಕಾಲನ್ನು ಮಾತಾಡಿಸಲು ಹೋದ ನೀಲಕಂಠ

ಯಾದಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿರುವ ನೀಲಕಂಠನಿಗೆ ಎರಡು ಬಗೆಯ ಚಾರ್ಜು. ಮೇಲಿನವರು ರಜೆ ಹಾಕಿದಾಗೆಲ್ಲ ಅವನೇ ಇನ್‌ಚಾರ್ಜು. ಮಿಕ್ಕ ವೇಳೆ ಗೋಡೆಯ ಪ್ಲಗ್ಗಿನ ಪಕ್ಕ ಕೂತು ಫೋನಿಗೆ ಚಾರ್ಜು. ಕುರ್ಚಿ ಹಂಚುವಾಗ ಫ್ಯಾನಿನ ಕೆಳಗಿನದನ್ನು ಬಿಟ್ಟುಕೊಟ್ಟು, ಪ್ಲಗ್ಗಿನ ಪಕ್ಕದ್ದನ್ನು ಕೇಳಿ ಪಡೆದ ಏಕೈಕ ನೌಕರ ಅವನು. ಅದೂ ಯಾದಗಿರಿಯ ಬಿಸಿಲಿನಲ್ಲಿ.

ಬೆಳಗ್ಗೆ ಹಲ್ಲುಜ್ಜುವ ಮೊದಲೇ ಅವನ ಶುಭೋದಯಗಳು ಹೊರಡುತ್ತಿದ್ದವು. ಗುಲಾಬಿಯ ಮೇಲೆ ಇಬ್ಬನಿ, ಇಬ್ಬನಿಯ ಮೇಲೆ ದೇವರು, ದೇವರ ಮೇಲೆ ಒಂದು ಹಿತನುಡಿ. ಬೀಗರಿಗೆ, ಶಾಲೆಯ ಗೆಳೆಯರಿಗೆ, ಗ್ಯಾಸ್ ಸಿಲಿಂಡರ್ ತರುವವನಿಗೆ, ಎಂದೋ ಬಸ್ಸಿನಲ್ಲಿ ಪಕ್ಕ ಕೂತು ನಂಬರ್ ಕೊಟ್ಟು ಪಶ್ಚಾತ್ತಾಪಪಟ್ಟವರಿಗೆ, ಯಾರನ್ನೂ ಅವನು ಬಿಡುತ್ತಿರಲಿಲ್ಲ. ಪಕ್ಕದಲ್ಲೇ ಮಲಗಿದ ಹೆಂಡತಿ ಪರಿಮಳಾಗೂ ಒಂದು ಹೋಗುತ್ತಿತ್ತು. ಆಕೆ ಎದ್ದು ಚಹಾ ತಂದಿಟ್ಟರೆ, ಆಕೆಯ ಫೋನಿಗೆ ಹೆಬ್ಬೆಟ್ಟಿನ ಚಿತ್ರ ಬಂದು ಬೀಳುತ್ತಿತ್ತು. ನೀಲಕಂಠನ ಅಪ್ಪ ಮುದನಾಳದಲ್ಲಿ ಕಂಡವರ ಹೊಲ ಮಾಡಿ, ಮಗ ತನ್ನಂತೆ ಹೆಬ್ಬೆಟ್ಟು ಒತ್ತುವವನಾಗಬಾರದೆಂದು ಹಟ ಹಿಡಿದು ಓದಿಸಿದ್ದ. ಮಗ ಬಿ.ಕಾಂ. ಮುಗಿಸಿ, ನೌಕರಿ ಹಿಡಿದು, ದಿನವಿಡೀ ಹೆಬ್ಬೆಟ್ಟು ಒತ್ತುತ್ತಿದ್ದ.

ಫೋನ್ ಬಿಡುವ ವಿಷಯದಲ್ಲೂ ಅವನು ಹಿಂದೆ ಬಿದ್ದವನಲ್ಲ. ‘ಪರದೆ ಸರಿಸಿ, ಬದುಕು ನೋಡಿ’ ಎಂಬ ಸಂದೇಶವನ್ನು ಅವನಷ್ಟು ಮಂದಿಗೆ ಕಳಿಸಿದವರು ಜಿಲ್ಲೆಯಲ್ಲೇ ಇರಲಿಕ್ಕಿಲ್ಲ. ಒಮ್ಮೆ ‘ಇಂದು ನನ್ನ ಮೊಬೈಲ್ ಉಪವಾಸ’ ಎಂದು ಸ್ಟೇಟಸ್ ಹಾಕಿ, ಅದನ್ನು ಯಾರ್ಯಾರು ನೋಡಿದರೆಂದು ಸಂಜೆವರೆಗೆ ನೋಡುತ್ತ ಕೂತಿದ್ದ. ಉಪವಾಸದಲ್ಲಿ ಸಾಬೂದಾನಿ ಖಿಚಡಿ, ಶೇಂಗಾ ಉಂಡೆ, ಬಾಳೆಹಣ್ಣು ಎಲ್ಲ ನಡೆಯುವ ಸೀಮೆ ಇದು. ಅಷ್ಟಕ್ಕೆ ಯಾರೂ ತಪ್ಪು ತಿಳಿಯಲಿಲ್ಲ.

ತಪ್ಪು ತಿಳಿದವಳು ಸುರಪುರದಲ್ಲಿರುವ ಅವನ ಅಕ್ಕ ಅಯ್ಯಮ್ಮ, ಅದೂ ಬೇರೆ ಕಾರಣಕ್ಕೆ. ಆಕೆಯ ಗಂಡ ಅಂಬ್ರಪ್ಪ ಹಿಂದಿನ ವರ್ಷ ನಿಚ್ಚಣಿಕೆಯಿಂದ ಬಿದ್ದು ಕಾಲು ಮುರಿದುಕೊಂಡ. ಸುದ್ದಿ ಮನೆತನದ ವಾಟ್ಸಾಪ್ ಗುಂಪಿಗೆ ಬಂತು. ಆ ಹೊತ್ತಿಗೆ ನೀಲಕಂಠ ಒಬ್ಬರ ಹುಟ್ಟುಹಬ್ಬ, ಇನ್ನೊಬ್ಬರ ಬಡ್ತಿ, ಮತ್ತೊಬ್ಬರ ಹೊಸ ಟ್ರ್ಯಾಕ್ಟರು ಎಂದು ಸಾಲಾಗಿ ಹೆಬ್ಬೆಟ್ಟು ಒತ್ತುತ್ತ ಬರುತ್ತಿದ್ದ. ಅದೇ ಓಟದಲ್ಲಿ ಅಂಬ್ರಪ್ಪನ ಕಾಲಿಗೂ ಒತ್ತಿದ. ಆಮೇಲೆ ತಿಳಿದಾಗ ಕೈಮುಗಿದ ಚಿತ್ರವೊಂದನ್ನು ಕಳಿಸಿ, ‘ಗೆಟ್ ವೆಲ್ ಸೂನ್ ಮಾಮಾ’ ಎಂದು ಬರೆದು, ತನ್ನ ಪಾಲಿನ ಬಾಂಧವ್ಯ ಮುಗಿಯಿತೆಂದುಕೊಂಡ.

ಇಲ್ಲಿ ಅದು ಅಷ್ಟಕ್ಕೆ ಮುಗಿಯುವುದಿಲ್ಲ. ಒಬ್ಬರ ಕಾಲು ಮುರಿದರೆ, ಆಪರೇಷನ್ ಆದರೆ, ಬಿಡದ ಜ್ವರ ಬಂದರೆ ‘ಮಾತಾಡಿಸಲು’ ಹೋಗಬೇಕು. ಬ್ರೆಡ್ಡು ಬಿಸ್ಕತ್ತು ಹಿಡಿದು ಹೋಗಿ, ಮಂಚದ ತುದಿಯಲ್ಲಿ ಕೂತು, ‘ಹೆಂಗಾತು?’ ಎನ್ನಬೇಕು. ಎಲ್ಲ ಗೊತ್ತಿದ್ದರೂ ಮೊದಲಿನಿಂದ ಕೇಳಬೇಕು. ನಡುನಡುವೆ ‘ಅಯ್ಯ ಶಿವನೇ’ ಅನ್ನಬೇಕು. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಮನೆಯ ಹೆಂಗಸರ ಬಾಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಎಲುಬು ಕೂಡಿದರೂ ಅದು ಕೂಡುವುದಿಲ್ಲ.

ಅಯ್ಯಮ್ಮ ತಮ್ಮನ ಫೋನ್ ಎತ್ತುವುದನ್ನು ಬಿಟ್ಟಳು. ನೀಲಕಂಠನಿಗೆ ಇದು ತಿಳಿಯಲೇ ಇಲ್ಲ. ಅವನು ಫೋನಿನಲ್ಲಿ ಮಾತಾಡುವುದನ್ನು ಅದಕ್ಕೂ ಮೊದಲೇ ಬಿಟ್ಟಿದ್ದ.

ತಿಳಿದದ್ದು ಮಗಳು ಶಿವಾನಿಯ ಕುಬಸ ಹತ್ತಿರ ಬಂದಾಗ. ಚೊಚ್ಚಲ ಬಸುರಿಯ ಉಡಿಗೆ ಹಸಿರು ಕುಬಸದ ಬಟ್ಟೆ ಇಟ್ಟು ಮೊದಲ ಆರತಿ ಎತ್ತುವವಳು ಅವರ ಮನೆತನದಲ್ಲಿ ಸೋದರತ್ತೆ. ಶಿವಾನಿಗೆ ಇರುವ ಸೋದರತ್ತೆ ಅಯ್ಯಮ್ಮ ಒಬ್ಬಳೇ.

“ಅತ್ತಿ ಬರದಿದ್ರ ನಾ ಮಣಿ ಮ್ಯಾಲ ಕೂಡಂಗಿಲ್ಲ,” ಎಂದಳು ಶಿವಾನಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

“ಆಮಂತ್ರಣ ಕಳಿಸೇನಲ್ಲವಾ. ಹಿಂದ ಮ್ಯೂಜಿಕ್ ಸುದ್ದಾ ಅದ.”

“ನೋಡ್ಯಾರೇನು?”

“ಎರಡೂ ನೀಲಿ ಟಿಕ್ ಬಂದಾವ.”

“ಟಿಕ್ ಬಂದ್ರ ಅತ್ತಿ ಬಂದಂಗಾತೇನಪ್ಪಾ? ಟಿಕ್ ಕೈಲೆ ಆರತಿ ಎತ್ತಸ್ತಿ?”

ಪರಿಮಳಾ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. “ಅಯ್ಯಮ್ಮಕ್ಕಗ ನಾ ಮಾತಾಡೇನ್ರಿ. ‘ಕೈಯಾಗಿಂದು ಮನ್ಯಾಗ ಬಿಟ್ಟು ಬಾ ಅನ್ನು, ಬಂದು ನಮ್ಮ ಮನ್ಯಾಗ ಕೂತು ಮಾತಾಡ್ಸು ಅನ್ನು, ಆಮ್ಯಾಲ ಬರೋದು ಬಿಡೋದು ನೋಡೋಣು’ ಅಂದಾಳ.” ಹಾಗೆಂದವಳೇ ಗಂಡನ ಕೈಯಿಂದ ಫೋನ್ ಕಿತ್ತು ಟ್ರಂಕಿನೊಳಗೆ ಹಾಕಿ ಕೀಲಿ ಜಡಿದಳು.

“ಲೇ, ದಾರ್ಯಾಗ ನನಗ ಏನರ ಆದ್ರ?”

“ಏನರ ಆದ್ರ ಯಾರರ ಬಂದು ಮಾತಾಡಸ್ತಾರ. ನಡೀರಿ.”

ಬಸ್ಸು ಭೀಮಾ ಸೇತುವೆ ದಾಟುವಷ್ಟರಲ್ಲಿ ನೀಲಕಂಠನ ಕೈ ಅಂಗಿಯ ಕಿಸೆಗೆ ಎಷ್ಟು ಸಲ ಹೋಗಿ ಬಂತೆಂದರೆ, ಕಂಡಕ್ಟರ್ ಎದೆನೋವೇನ್ರಿ ಎಂದು ಕೇಳಿದ. ಸುತ್ತ ಎಲ್ಲರ ಮಡಿಲಲ್ಲೂ ಪರದೆ ಹೊಳೆಯುತ್ತಿತ್ತು. ಅವನು ಪಕ್ಕದವನ ಪರದೆಗೆ ಕತ್ತು ಚಾಚಿದ. ಆತ ನಾಟಿಕೋಳಿ ಸಾರಿನ ವಿಡಿಯೊ ನೋಡುತ್ತಿದ್ದವನು, ತಟ್ಟೆಗೇ ಕೈ ಹಾಕಿದರೇನೋ ಎಂಬಂತೆ ಫೋನನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಬೇರೆ ದಾರಿಯಿಲ್ಲದೆ ನೀಲಕಂಠ ಹೊರಗೆ ನೋಡಿದ. ಶಹಾಪುರದ ಹತ್ತಿರ ಗುಡ್ಡದ ಸಾಲು ಬುದ್ಧ ಮಲಗಿದ ಹಾಗೆ ಕಾಣುತ್ತದೆ. ಆ ಬುದ್ಧನನ್ನು ಅವನು ಹಿತನುಡಿ ಅಂಟಿಸಿ ನೂರಾರು ಮಂದಿಗೆ ಕಳಿಸಿದ್ದ, ಕಣ್ಣಿಟ್ಟು ನೋಡಿರಲಿಲ್ಲ. ಈಗ ನೋಡಿದ. ಕಳಿಸಿದ್ದಕ್ಕಿಂತ ಬಹಳ ಉದ್ದವಿದ್ದ. ನೋಡಿಯಾದ ಮೇಲೆ ಮುಂದೇನು ಮಾಡಬೇಕೆಂದು ಮಾತ್ರ ತಿಳಿಯಲಿಲ್ಲ. ಸುಮ್ಮನೆ ಇನ್ನೊಮ್ಮೆ ನೋಡಿದ.

ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬ್ರೆಡ್ಡು, ಬಿಸ್ಕತ್ತು, ಮೋಸಂಬಿ ಕಟ್ಟಿಸಿದ.

“ಯಾರಿಗಿ ಆರಾಮಿಲ್ರಿ?” ಎಂದ ಅಂಗಡಿಯವ, ಮರುಕದಿಂದ.

“ನಮ್ಮ ಮಾಮಾಗ. ಕಾಲು ಮುರದದ.”

“ಅಯ್ಯಯ್ಯ. ಯಾವಾಗ್ರಿ?”

“ಹೋದ ವರ್ಷ.”

ಅಂಗಡಿಯವ ದಾರ ಸುತ್ತುವುದನ್ನು ನಿಲ್ಲಿಸಿದ. “ಹಂಗಾರ ಬ್ರೆಡ್ ಯಾಕ್ರಿ? ಒಂದ್ ಜೋಡು ಬೂಟ್ ಒಯ್ರಿ.”

ಅಕ್ಕನ ಮನೆಯ ದಾರಿಯನ್ನು ಕೇಳಿ ಕೇಳಿ ಹೋಗಬೇಕಾಯಿತು. ಬಂದು ಅಷ್ಟು ವರ್ಷವಾಗಿತ್ತು. ಗುಡ್ಡದ ಬುಡದ ಏರು ಓಣಿಯಲ್ಲಿ ಮುಂದೆ ಒಬ್ಬಾತ ಎರಡು ಕೈಯಲ್ಲೂ ತುಂಬಿದ ಕೊಡ ಹಿಡಿದು ದಡದಡನೆ ಹತ್ತುತ್ತಿದ್ದ. ಏದುಸಿರು ಬಿಡುತ್ತ, ಕಾಲೆಳೆಯುತ್ತ ಅವನನ್ನು ಹಿಡಿದು ನಿಲ್ಲಿಸಿ, ಡ್ಯಾಮಿನ ಅಂಬ್ರಪ್ಪನ ಮನೆ ಯಾವುದೆಂದು ಕೇಳಿದರೆ, ತಿರುಗಿದವನು ಅಂಬ್ರಪ್ಪನೇ.

“ಏನೋ ನೀಲಕಂಠ! ಬಾ ಬಾ. ನೀ ಏನ್ ಕುಂಟಾಕತ್ತಿ?”

ಪಡಸಾಲೆಯಲ್ಲಿ ಅಯ್ಯಮ್ಮ ಮೊರದ ತುಂಬ ಶೇಂಗಾ ಇಟ್ಟುಕೊಂಡು ಒಡೆಯುತ್ತಿದ್ದಳು. ತಮ್ಮನನ್ನು ನೋಡಿದಳು, ಅವನ ಕೈಯ ಬ್ರೆಡ್ಡು ನೋಡಿದಳು, ಕಿಸೆ ನೋಡಿದಳು. ಕಿಸೆ ಚಪ್ಪಟೆಯಾಗಿತ್ತು. ಗಂಡನ ಕಡೆ ತಿರುಗಿ, “ಕೊಡ ಇಳಸ್ರಿ. ಹೋಗಿ ಮಕ್ಕೋರಿ,” ಎಂದಳು.

“ಯಾಕ? ಈಗಷ್ಟೇ ಎದ್ದೀನಲ್ಲ.”

“ನಮ್ಮ ತಮ್ಮ ನಿಮ್ಮ ಕಾಲು ಮಾತಾಡ್ಸಾಕ ಬಂದಾನ. ಓಡಾಡೋ ಕಾಲಿಗಿ ಯಾರರ ಮಾತಾಡಸ್ತಾರೇನು? ಮಕ್ಕೋರಿ.”

ಅಂಬ್ರಪ್ಪ ಹೆಂಡತಿಯ ಮುಖ ನೋಡಿ, ಇದು ನಗುವ ಮಾತಲ್ಲವೆಂದು ತಿಳಿದು, ಮಂಚ ಹತ್ತಿದ. ಆಕೆ ಸೆಕೆಯನ್ನು ಲೆಕ್ಕಿಸದೆ ಅವನಿಗೆ ಕೌದಿ ಹೊದಿಸಿ, ಕಾಲ ಕೆಳಗೆ ದಿಂಬು ಕೊಡಲು ಬಂದಳು. “ಯಾವ ಕಾಲು ಮುರದಿದ್ದು?” ಎಂದು ಅಂಬ್ರಪ್ಪ ಮೆಲ್ಲಗೆ ಕೇಳಿದ. “ಎಡದ್ದು,” ಎಂದು ಗದರಿದಳು. ಎಡಗಾಲು ದಿಂಬಿನ ಮೇಲೇರಿತು.

ಇಷ್ಟಾಗುವಷ್ಟರಲ್ಲಿ ಎದುರು ಮನೆಯ ಬಳೆಗಾರ್ತಿ ಮಸ್ತಾನಬಿ ಬಂದು ಹೊಸ್ತಿಲ ಮೇಲೆ ಕೂತಳು. ಅವಳ ಹಿಂದೆ ಓಣಿಯ ಇನ್ನಷ್ಟು ಹೆಂಗಸರು ಬಾಗಿಲು ತುಂಬಿದರು. ಒಬ್ಬರನ್ನು ಮಾತಾಡಿಸಲು ಬಂದವರನ್ನು ನೋಡಲು ಬರುವುದೂ ಪದ್ಧತಿಯೇ.

ನೀಲಕಂಠ ಮಂಚದ ತುದಿಯಲ್ಲಿ ಕೂತು, ಬ್ರೆಡ್ಡನ್ನು ಅಂಬ್ರಪ್ಪನ ಎದೆಯ ಮೇಲಿಟ್ಟು, “ಹೆಂಗಾತು ಮಾಮಾ?” ಎಂದ.

ಅಂಬ್ರಪ್ಪ ನಾರಾಯಣಪುರದ ಡ್ಯಾಮಿನಲ್ಲಿ ಗೇಟು ಎತ್ತಿ ಇಳಿಸಿ ನಿವೃತ್ತನಾದವನು. ಮಾತನ್ನೂ ಹಾಗೆಯೇ ಬಿಡುತ್ತಿದ್ದ, ಒಂದೊಂದೇ ಗೇಟು. ಕಾಲು ಮುರಿದದ್ದು ಬೆಳಗ್ಗೆಯಾದರೂ ಕತೆ ಹಿಂದಿನ ದಿನದ ಪುಂಡಿಪಲ್ಯದಿಂದ ಶುರುವಾಯಿತು. ಪುಂಡಿ ಯಾರ ಹೊಲದ್ದು, ಆ ಹೊಲಕ್ಕೆ ಕಾಲುವೆ ನೀರು ಹೇಗೆ ಬಂತು, ಆ ಕಾಲುವೆ ಅಗೆಯುವಾಗ ತಾನು ಎಲ್ಲಿ ನಿಂತಿದ್ದೆ. ನೀಲಕಂಠ ಸರಿಯಾದ ಜಾಗದಲ್ಲಿ ‘ಅಯ್ಯ ಶಿವನೇ’ ಅನ್ನುತ್ತಿದ್ದ, ಆದರೆ ಅವನ ಬಲಗೈಯ ಹೆಬ್ಬೆರಳು ತೊಡೆಯ ಮೇಲೆ ತಾನಾಗಿಯೇ ಸರಿದಾಡತೊಡಗಿತು.

“ನೋಡ್ರವಾ, ನೋಡ್ರಿ,” ಎಂದಳು ಅಯ್ಯಮ್ಮ. “ಇವನ ಬಟ್ಟು ನೋಡ್ರಿ. ನಮ್ಮ ಮನಿಯವರ ಮಾತು ಸಾಕಾಗಿ ಮ್ಯಾಲಕ್ ದೂಡಾಕತ್ತಾನ. ಮುಂದಿನದು ಬರಲಿ ಅಂತ.”

ಬಾಗಿಲಲ್ಲಿ ನಗೆ ಎದ್ದಿತು. ಅಯ್ಯಮ್ಮ ಮೊರದಿಂದ ಬೊಗಸೆ ಶೇಂಗಾ ಎತ್ತಿ ಅವನ ಮಡಿಲಿಗೆ ಸುರಿದಳು. “ಒಡಿ. ಕೈಗಿ ಕೆಲಸ ಇರ್ಲಿ, ಕಿವಿ ಇತ್ತ ಇರ್ಲಿ.”

ನೀಲಕಂಠ ಶೇಂಗಾ ಒಡೆಯುತ್ತ ಕೇಳಿದ. ಅಂಬ್ರಪ್ಪ ಪುಂಡಿಪಲ್ಯ ದಾಟಿ, ನಿದ್ದೆ ದಾಟಿ, ಬೆಳಗಿಗೆ ಬಂದ.

“ಬೆಳಿಗ್ಗೆದ್ದು ನೋಡ್ತೀನಿ, ನೀ ಒಂದು ವಿಡಿಯೊ ಕಳಿಸಿದ್ದಿ. ದುಂಡಗ ತಿರಗಾಕತ್ತಿತ್ತು, ಬರವಲ್ದು. ನಮ್ಮ ಮನಿ ಗುಡ್ಡದ ಕೆಳಗ ಅದಲ್ಲ, ನೆಟ್‌ವರ್ಕ್ ಏನಿದ್ರೂ ಮಾಳಗಿ ಮ್ಯಾಲ. ನೋಡಿ ಒಂದು ಉತ್ತರ ಹಾಕದಿದ್ರ ನೀ ಬ್ಯಾಸರ ಮಾಡ್ಕೋತಿ ಅಂತ ನಿಚ್ಚಣಕಿ ಹತ್ತಿದೆ. ಒಂದ್ ಕೈಯಾಗ ನಿಚ್ಚಣಕಿ, ಒಂದ್ ಕೈಯಾಗ ನೀನು. ನಿನ್ನ ಬಿಡಲಿಲ್ಲ, ನಿಚ್ಚಣಕಿ ಬಿಟ್ಟೆ.”

ನೀಲಕಂಠನ ಕೈಯ ಶೇಂಗಾ ಒಡೆಯದೇ ಉಳಿಯಿತು. “ಏನಿತ್ತು ಮಾಮಾ ಅದರಾಗ?”

“ಕೆಳಗ ಬಿದ್ದ ಮ್ಯಾಲ ಬಂತು ನೋಡು. ‘ಸಂಬಂಧಗಳು ಮುರಿಯದಂತೆ ನೋಡಿಕೊಳ್ಳಿ’ ಅಂತ, ಹಿಂದ ಕೊಳಲು ಬಾರಸಾಕತ್ತಿದ್ರು. ನಾ ಬಿದ್ದಲ್ಲೇ ಪೂರಾ ನೋಡಿದೆ. ಏಳಾಕ ಬರ್ತಿರಲಿಲ್ಲಲ್ಲ.”

ಇಲ್ಲಿ ನೀಲಕಂಠನ ಮನಸ್ಸು ನಿಜವಾಗಿಯೂ ಕರಗಿತು. ಆದರೆ ಕರಗಿದ್ದನ್ನು ಒಬ್ಬರಿಗೆ ಮಾತ್ರ ಕೊಟ್ಟು ಅವನಿಗೆ ರೂಢಿಯೇ ಇರಲಿಲ್ಲ. ಗುಂಪಿಗೆ ಹಾಕಿಯೇ ರೂಢಿ. ಶೇಂಗಾ ಸಿಪ್ಪೆ ಉದುರಿಸುತ್ತ ಎದ್ದು ನಿಂತ. ಅಕ್ಕನಿಗೆ ಬೆನ್ನು ಹಾಕಿ, ಬಾಗಿಲು ತುಂಬ ನಿಂತವರ ಕಡೆ ತಿರುಗಿ ಕೈ ಮುಗಿದ.

“ಎಲ್ಲಾರೂ ಕೇಳ್ರಿ. ತಪ್ಪು ನಂದದ. ನನ್ನಿಂದ ನಮ್ಮ ಮಾಮಾ ಬಿದ್ದ. ಬಿದ್ದ ಮ್ಯಾಲ ಕಲಬುರಗಿ ದವಾಖಾನಿಗಿ ನಾ ಒಂದು ದಿನಾನೂ ಬರಲಿಲ್ಲ. ಒಂದೇ ಒಂದು ದಿನ ಬರಲಿಲ್ಲ. ನಮ್ಮಕ್ಕ ಒಬ್ಬಾಕಿ ಅಲ್ಲಿ ಕೂತಿದ್ಲು, ನಾ ಯಾದಗಿರ್‌ದಾಗ ಫೋನ್ ಒತ್ತಕೋತ ಕೂತಿದ್ದೆ. ಇಂಥಾ ತಮ್ಮ ಯಾರಿಗೂ ಬರಬಾರದು.”

ಹೇಳಿ ಮುಗಿಸಿ ಕಾದ. ಇಂಥದ್ದನ್ನು ಬರೆದು ಹಾಕಿದರೆ ಕಣ್ಣೀರಿನ ಮುಖಗಳು, ಕೆಂಪು ಹೃದಯಗಳು ಸಾಲುಗಟ್ಟಿ ಬರುತ್ತಿದ್ದವು. ಇಲ್ಲಿ ಏನೂ ಬರಲಿಲ್ಲ. ಹಿಂದಿನಿಂದ ಒಬ್ಬ ಹೆಂಗಸಿನ ದನಿ ಬಂತು.

“ಬಂದಿಲ್ಲಾ? ಮತ್ತ ಅಯ್ಯಮ್ಮಾ, ತಮ್ಮ ಸಂಜಿ ಬಸ್ಸಿಗಿ ಬಂದು ಮಾತಾಡ್ಸಿ ಹೋದ ಅಂದಿದ್ದಿ? ಹೊಳ್ಳಿ ಹೋಗುವಾಗ ಅತ್ತ ಅಂದಿದ್ದಿ?”

ನೀಲಕಂಠನಿಗೆ ಪೇಚಿಗೆ ಸಿಕ್ಕಾಗ ಒಂದು ಅಭ್ಯಾಸವಿತ್ತು: ತಲೆ ತಗ್ಗಿಸಿ ಅಂಗೈ ನೋಡಿಕೊಳ್ಳುವುದು. ಈಗ ಅಂಗೈಯಲ್ಲಿ ನೋಡಲು ಏನೂ ಇರಲಿಲ್ಲ. ಹಾಗಾಗಿ ತಿರುಗಿ ಅಕ್ಕನ ಮುಖ ನೋಡಿದ. ಎಷ್ಟೋ ವರ್ಷಗಳ ಮೇಲೆ ನೋಡಿದ ಮುಖ. ಹಣೆಯ ಮೇಲಿನ ಕೂದಲು ಪೂರ ಬೆಳ್ಳಗಾಗಿತ್ತು. ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಲ್ಲಿ ಸಿಟ್ಟಿರಲಿಲ್ಲ. ಮೊರದಲ್ಲಿ ಕೈ ನಿಂತುಹೋಗಿ, ಆಕೆ ನಾಲ್ಕು ಮಂದಿಯ ಮುಂದೆ ಸೆರಗು ಜಾರಿದವಳಂತೆ ಕೂತಿದ್ದಳು. ಬಾರದ ತಮ್ಮನನ್ನು ಬಂದನೆಂದು ಹೇಳಿ ಓಣಿಯಲ್ಲಿ ಅವನ ಮಾನ ಉಳಿಸಿದ್ದಳು, ತನ್ನದನ್ನೂ. ಅದನ್ನು ಅವನು ಈಗ ಕೈಮುಗಿದು, ಅವಳ ಪಡಸಾಲೆಯಲ್ಲೇ ಕಳೆದಿದ್ದ.

ಮಸ್ತಾನಬಿ ಹೊಸ್ತಿಲ ಮೇಲಿಂದ ಎದ್ದಳು. ದವಾಖಾನೆಯಲ್ಲಿ ಅಯ್ಯಮ್ಮನ ಜೊತೆಗೆ ಉಳಿದವಳು ಅವಳೇ. ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

“ಅಯ್ಯೋ ಅಲ್ಲಾ, ಬಂದಿದ್ರಲ್ರೀ!” ಎಂದು ನೀಲಕಂಠನ ಕಡೆ ಕೈ ಚಾಚಿದಳು. “ಏನ್ ಅಣ್ಣಾರ ನೀವು! ಬಂದಿದ್ದೂ ಖಬರ್ ಇಲ್ಲ ನಿಮಗ? ನಾ ಅಲ್ಲೇ ಇದ್ನಲ್ಲ. ಬಂದ್ರಿ, ಕುರ್ಚಿ ಮ್ಯಾಲ ಕೂತ್ರಿ, ಫೋನಾಗ ತಲಿ ಹಾಕಿದ್ರಿ, ಹೋಗಾಗ ತೆಗದ್ರಿ. ನಾ ಥರ್ಮಾಸಿಂದ ಚಾ ಹಾಕ್ಕೊಟ್ರ, ಇವರು ಆ ಚಾದಾಗ ಬಟ್ಟು ಅದ್ದಿ ಮ್ಯಾಲಕ್ ದೂಡ್ಯಾರವ್ವಾ! ನರ್ಸಮ್ಮ ನಕ್ಕಿದ್ದೇ ನಕ್ಕಿದ್ದು. ಅಂಥಾ ಮನಶ್ಯಾಗ ಬಂದಿದ್ದು ಎಲ್ಲಿ ನೆನಪಿರಬೇಕು?”

ಬಾಗಿಲಿನ ಗುಂಪು ಹೋ ಎಂದಿತು. ಕೇಳಿದ ಹೆಂಗಸೂ ನಕ್ಕಳು. ಮಸ್ತಾನಬಿ ನಗಲಿಲ್ಲ. ಅವಳು ನೀಲಕಂಠನನ್ನೇ ನೋಡುತ್ತಿದ್ದಳು, ಬಳೆ ಇಡಿಸುವಾಗ ಮುಂಗೈ ಸಡಿಲ ಬಿಡಲೆಂದು ಕಾಯುವ ಹಾಗೆ.

ಸತ್ಯ ಹೇಳಿ ದೊಡ್ಡವನಾಗಿ ಇನ್ನೂ ಒಂದು ನಿಮಿಷವಾಗಿರಲಿಲ್ಲ. ಆ ದೊಡ್ಡಸ್ತಿಕೆ ಬಿಟ್ಟುಕೊಡಲು ನೀಲಕಂಠನಿಗೆ ಮನಸ್ಸಾಗಲಿಲ್ಲ. ಮತ್ತೊಮ್ಮೆ ಅಕ್ಕನ ಕಡೆ ನೋಡಿದ. ಕೈ ಇನ್ನೂ ಮೊರದಲ್ಲಿ ಹಾಗೇ ಇತ್ತು.

“ಹೌದ್ರಿ,” ಎಂದ. “ಈಗ ನೆನಪಾತು. ಚಾದಾಗ ಸಕ್ರಿ ಭಾಳ ಇತ್ತು.”

“ನನ್ನ ಚಾಕ್ಕ ಹೆಸರಿಡಬ್ಯಾಡ್ರಿ ಮತ್ತ! ಬಟ್ಟಿಗಿ ಏನ್ ಗೊತ್ತು ಸಕ್ರಿ?”

“ಬಂದಿದ್ದ, ಬಂದಿದ್ದ,” ಎಂದು ಅಂಬ್ರಪ್ಪ ಕೌದಿಯೊಳಗಿಂದ ಇನ್ನೊಂದು ಗೇಟು ಎತ್ತಿದ. “ಖಾಲಿ ಜಾಗ ಅಂತ ತಿಳಕೊಂಡು ತನ್ನ ಚೀಲ ತಂದು ನನ್ನ ಮುರಿದ ಕಾಲಿನ ಮ್ಯಾಲ ಇಟ್ಟ. ನಾ ಚೀರಿದ್ರ, ‘ವಾಲ್ಯೂಮ್ ಕಡಿಮಿ ಮಾಡ್ರಿ’ ಅಂದ.”

ಅಲ್ಲಿಂದ ಮುಂದೆ ಆ ಭೇಟಿ ತಾನಾಗಿಯೇ ಬೆಳೆಯಿತು. ನರ್ಸಮ್ಮನನ್ನು ಅಕ್ಕಾ ಎಂದು ಕರೆದನಂತೆ. ಪಕ್ಕದ ಮಂಚದ ಯಾರದೋ ಅಜ್ಜನಿಗೆ ಮೋಸಂಬಿ ಕೊಟ್ಟು, ಅವನ ಕಾಲು ಮುಟ್ಟಿ ಬಂದನಂತೆ. ದವಾಖಾನೆಯ ಹತ್ತಿರವೂ ಸುಳಿಯದಿದ್ದ ಹೆಂಗಸರು ತಾವೂ ಕಂಡದ್ದನ್ನು ಸೇರಿಸಿದರು. ನೀಲಕಂಠ ಎಲ್ಲದಕ್ಕೂ ತಲೆಯಾಡಿಸಿದ. ಹೋಗದೇ ಇದ್ದದ್ದಕ್ಕೆ ಬೀಳಬೇಕಾಗಿದ್ದ ಬೈಗುಳವನ್ನೆಲ್ಲ ಹೋದದ್ದಕ್ಕೆ ತಿಂದ. ತಿನ್ನುತ್ತ ತಿನ್ನುತ್ತ, ತಾನು ನಿಜವಾಗಿ ಹೋಗಿದ್ದರೆ ಹೀಗೇ ಮಾಡುತ್ತಿದ್ದೆ ಎಂಬುದು ಅವನಿಗೆ ಹೊಳೆಯಿತು. ಆ ಹೊಳಹು ಯಾರಿಗೂ ಕಳಿಸುವಂಥದ್ದಾಗಿರಲಿಲ್ಲ.

ನಗೆ ತೀರಿದ ಮೇಲೆ ಓಣಿ ಚದುರಿತು. ಮಸ್ತಾನಬಿ ಎದುರು ಮನೆ ಸೇರಿದಳು. ನೀಲಕಂಠ ಅಕ್ಕನ ಎದುರು ನೆಲಕ್ಕೆ ಕೂತು ಉಳಿದ ಶೇಂಗಾ ಒಡೆಯತೊಡಗಿದ. ಯಾಕೆ ಹಾಗೆ ಹೇಳಿದ್ದೆ ಅಕ್ಕಾ ಎಂದು ಕೇಳಲಿಲ್ಲ. ಆಕೆಯೇ ಮೊರ ಅಲುಗಿಸುತ್ತ, ಯಾರಿಗೋ ಹೇಳಿದಂತೆ ಹೇಳಿದಳು.

“ಬಾಜೂ ಮಂಚದವನ ಹೇಂತಿಗಿ ದಿನಾ ತಮ್ಮಗೋಳು ಬರ್ತಿದ್ರು. ‘ನಿಮ್ಮವರು ಯಾರೂ ಇಲ್ಲೇನು?’ ಅಂತ ಕೇಳಿದ್ಲು. ಇದ್ದಾರ ಅಂದೆ. ಓಣ್ಯಾಗ ಕೇಳಿದ್ರ, ಬಂದಿದ್ದ ಅಂದೆ.”

ನೀಲಕಂಠ ಹ್ಞೂಂ ಅಂದ. ಇಬ್ಬರ ನಡುವೆ ಸಿಪ್ಪೆಯ ರಾಶಿ ಬೆಳೆಯಿತು.

“ನಾ ಇನ್ನ ಏಳ್ಲೇನು?” ಎಂದು ಮಂಚದ ಮೇಲಿಂದ ಅಂಬ್ರಪ್ಪ ಕೇಳಿದ. “ಕೌದ್ಯಾಗ ಬೆಂದು ಹೋದೆ.”

“ಏಳ್ರಿ. ಕೊಡ ಒಳಗ ತರ್ರಿ.” ಅಯ್ಯಮ್ಮ ಬ್ರೆಡ್ಡಿನ ಪೊಟ್ಟಣ ಎತ್ತಿಟ್ಟಳು. ಆಮೇಲೆ ತಮ್ಮನ ಕಡೆ ನೋಡದೆ, “ಆರತಿ ಎಷ್ಟೊತ್ತಿಗಿ ಇಟ್ಟೀರಿ?” ಎಂದಳು.

“ಸೋಮವಾರ, ಊಟಕ್ಕ ಮೊದ್ಲ ಅಕ್ಕಾ.”

“ಹಸರ್ ಬಳಿ ಯಾರು ಇಡಸ್ತಾರ?”

“ಯಾದಗಿರ್‌ದಾಗ ಒಬ್ಬಾಕಿಗಿ ಫೋನ್ ಮಾಡಿ…” ನೀಲಕಂಠ ಮಾತು ನುಂಗಿದ.

“ಮಸ್ತಾನಬೀನ ಕರಕೊಂಡು ಬರ್ತೀನಿ. ಆಕಿ ಕೈಲೆ ಇಡಸ್ಲಿ. ಆದ್ರ ನಾ ಕರದ್ರ ಬರಂಗಿಲ್ಲ ಆಕಿ. ನೀ ಹೋಗಿ ಕರಿ.”

ನೀಲಕಂಠ ಮಡಿಲ ಸಿಪ್ಪೆ ಜಾಡಿಸಿ, ಚಪ್ಪಲಿ ಮೆಟ್ಟಿ, ಓಣಿ ದಾಟಿ ಎದುರು ಮನೆಯ ಕದ ಬಡಿದ. ಒಳಗಿನಿಂದ ಬಳೆಯ ಸದ್ದಿನ ನಡುವೆ ದನಿ ಬಂತು. “ಯಾರದು?”

“ನಾನ್ರಿ ಅಕ್ಕಾರ,” ಎಂದ ನೀಲಕಂಠ, ಓಣಿಗೆಲ್ಲ ಕೇಳುವಂತೆ. “ನಿಮ್ಮ ಚಾದಾಗ ಬಟ್ಟು ಅದ್ದಿದವ.”